ರಿಕಿ ಸ್ಟುವರ್ಟ್: 23 ವರ್ಷದಿಂದ ಕಪ್ ಇಲ್ಲ, ಆದರೂ ಕ್ಯಾನ್‌ಬೆರಾದವರು ಈ ಕೋಚನ್ನು ಬಿಟ್ಟುಕೊಡಲ್ಲ ಯಾಕೆ?

ಬೆಲ್ಕೊನೆನ್_ಹೊಸಬ:

ನಮಸ್ಕಾರ. ಕ್ಯಾನ್‌ಬೆರಾಗೆ ಬಂದು ಎಂಟು ತಿಂಗಳಾಯಿತು. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನೇ ಅಲ್ಲ ನಾನು. ಆದರೆ ಇಲ್ಲಿನ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಊರಿನ ರಗ್ಬಿ ಲೀಗ್ ತಂಡ ರೇಡರ್ಸ್ ಬಗ್ಗೆ ಎರಡು ಮಾತಾಡಲು ಬರದಿದ್ದರೆ ಕಾಫಿ ಹಿಡಿದುಕೊಂಡು ಗೋಡೆ ನೋಡುತ್ತಾ ನಿಲ್ಲಬೇಕು. ಅದಕ್ಕೇ ಈ ವರ್ಷ (2025) ನಾಲ್ಕು ಮ್ಯಾಚ್‌ಗೆ ಹೋದೆ.

ರಗ್ಬಿ ಲೀಗ್ ಒಂದು ಮಟ್ಟಿಗೆ ಅರ್ಥ ಆಯಿತು. ಒಂದೊಂದು ಕಡೆ ಹದಿಮೂರು ಜನ. ಚೆಂಡು ಹಿಡಿದು ಓಡಿದವನನ್ನು ಎದುರಿನವರು ಕೆಡವುತ್ತಾರೆ, ಅದು ಟ್ಯಾಕಲ್. ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರಿಗೆ. ಗೆರೆ ದಾಟಿ ನೆಲಕ್ಕೆ ಒತ್ತಿದರೆ ನಾಲ್ಕು ಅಂಕ (ಅದಕ್ಕೆ ಟ್ರೈ ಅಂತಾರೆ), ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಕಬಡ್ಡಿಯವರ ಕೈಗೆ ಚೆಂಡು ಕೊಟ್ಟ ಹಾಗಿದೆ ಅಂತ ಮೊದಲ ದಿನ ಅನ್ನಿಸಿತ್ತು. ಆಫೀಸಿನಲ್ಲಿ ಇದನ್ನು ಇನ್ನೂ ಹೇಳಿಲ್ಲ.

ಅರ್ಥ ಆಗದೆ ಉಳಿದದ್ದು ಕೋಚ್ ವಿಷಯ.

ಸೆಪ್ಟೆಂಬರ್‌ನಲ್ಲಿ ಬ್ರಿಸ್ಬೇನ್ ಎದುರಿನ ಫೈನಲ್ಸ್ ಪಂದ್ಯಕ್ಕೆ ಹೋಗಿದ್ದೆ. (ಲೀಗ್ ಹಂತ ಮುಗಿದ ಮೇಲಿನ ಪಂದ್ಯಗಳಿಗೆಲ್ಲಾ ಇಲ್ಲಿ ಫೈನಲ್ಸ್ ಅಂತಾರೆ.) ನಾವು 28-12 ಮುಂದಿದ್ದೆವು. (ನೋಡಿ, "ನಾವು" ಅನ್ನುವಷ್ಟು ಆಗಿದೆ.) ಹಿಂದಿನ ಸಾಲಿನವರು ಮನೆಗೆ ಹೋಗುವ ದಾರಿಯ ಟ್ರಾಫಿಕ್ ಬಗ್ಗೆ ಮಾತು ಶುರು ಮಾಡಿದ್ದರು. ಅಲ್ಲಿಂದ ಬ್ರಿಸ್ಬೇನ್‌ನವರು ಸಮ ಮಾಡಿಕೊಂಡು, ಹೆಚ್ಚುವರಿ ಸಮಯದಲ್ಲಿ ಒಂದು ಅಂಕದ ಫೀಲ್ಡ್ ಗೋಲ್ ಒದ್ದು 29-28ಕ್ಕೆ ಗೆದ್ದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಹಸಿರು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಮುಂದಿನ ವಾರ ಕ್ರೊನಲ್ಲಾ ಎದುರು 32-12. ಅಲ್ಲಿಗೆ ಮುಗಿಯಿತು. ಲೀಗ್ ಹಂತದಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ ಎರಡೇ ವಾರದಲ್ಲಿ ಮನೆಗೆ!

ನಾನು ಕ್ರಿಕೆಟ್ ನೋಡಿ ಬೆಳೆದವನು. ನನ್ನ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಕೋಚ್ ರಾಜೀನಾಮೆ ಕೊಡಬೇಕು ಅಂತ ಜನ ಕೂಗಬೇಕಿತ್ತು. ಇಲ್ಲಿ ಒಬ್ಬರೂ ಬೈಯಲಿಲ್ಲ. ಆ ಅಜ್ಜಿ ಟೋಪಿ ಇಳಿಸಿ ಹೇಳಿದ್ದು "ಪಾಪ ಸ್ಟಿಕಿ" ಅಂತ ಅಷ್ಟೇ. ಸ್ಟಿಕಿ ಅಂದರೆ ರಿಕಿ ಸ್ಟುವರ್ಟ್ ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಹುಡುಕಿದೆ. 2014ರಿಂದ ಇವರೇ ಕೋಚ್. ಕೋಚ್ ಆಗಿ ಕಪ್ ಗೆದ್ದದ್ದು ಒಂದೇ ಸಲ, ಅದೂ 2002ರಲ್ಲಿ, ಬೇರೆ ಕ್ಲಬ್ ಜೊತೆ. ಹಾಗಾದರೆ ಈ ಪ್ರೀತಿ ಎಲ್ಲಿಂದ? ಆಟಗಾರನಾಗಿ ಅಷ್ಟು ದೊಡ್ಡವರಾ? ಹಳೇ ಹೆಸರಿನ ಮೇಲೆ ನಡೀತಿದೆಯಾ? ಹಳಬರು ಯಾರಾದರೂ ಹೇಳಿ. ಸೋಮವಾರಕ್ಕೆ ಬೇಕು.

ಪ್ಯಾರಮಟ್ಟಾ_ಪಾಪಿ:

ಸಿಡ್ನಿಯಿಂದ ಬರೀತಿದ್ದೇನೆ, ಈಲ್ಸ್ ಅಂದರೆ ಪ್ಯಾರಮಟ್ಟಾ ತಂಡದ ಅಭಿಮಾನಿ. ಈ ಮನುಷ್ಯನ ಬಗ್ಗೆ ನನ್ನನ್ನು ಕೇಳಬಾರದು. ಆದರೂ ಹೇಳ್ತೀನಿ.

2013ರಲ್ಲಿ ನಮ್ಮ ಕ್ಲಬ್‌ಗೆ ಬಂದರು. ತಂಡ ಮೊದಲೇ ಹಾಳಾಗಿತ್ತು, ಅದು ನಿಜ. ಸೀಸನ್ ಮಧ್ಯದಲ್ಲೇ ಹತ್ತು ಹನ್ನೆರಡು ಆಟಗಾರರಿಗೆ ಮುಂದಿನ ವರ್ಷ ನಿಮಗೆ ಜಾಗ ಇಲ್ಲ ಅಂತ ಹೇಳಿಬಿಟ್ಟರು. ನಾಳೆ ಕೆಲಸ ಇಲ್ಲ ಅಂದವರ ಕೈಲಿ ಇವತ್ತು ಕೆಲಸ ತೆಗೆಯೋದು ಹೇಗೆ ಸ್ವಾಮಿ? ಕೊನೆಯ ಸ್ಥಾನಕ್ಕೆ ಬಂದೆವು. ಇಲ್ಲಿ ಅದಕ್ಕೆ ಮರದ ಚಮಚ ಅಂತಾರೆ. ನಮಗೆ ಅದು ಸತತ ಎರಡನೇ ಚಮಚ. ಅಷ್ಟು ಆದಮೇಲೆ ಮೂರು ವರ್ಷದ ಒಪ್ಪಂದ ಮುರಿದು ಅವರು ಕ್ಯಾನ್‌ಬೆರಾಗೆ ಹೊರಟುಬಿಟ್ಟರು. ಮನೆಗೆ ಹೋಗಬೇಕು ಅಂತ.

ಮನೆಗೆ ಹೋಗಬೇಕು ಅಂದವರನ್ನು ತಡೆಯೋಕಾಗಲ್ಲ. ಆದರೆ ನಮ್ಮ ಮನೆ ಬಾಗಿಲು ಮುರಿದು ಹೋಗಬೇಕಿರಲಿಲ್ಲ.

ಕ್ವೀನ್‌ಬಿಯನ್_ಟ್ಯಾಕ್ಸಿ:

ಹೊಸಬರೇ, ಸ್ವಲ್ಪ ಉದ್ದ ಆಗುತ್ತೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ, ನಿದ್ದೆ ಬರ್ತಿಲ್ಲ.

ನಾನು ಕ್ವೀನ್‌ಬಿಯನ್‌ಗೆ ಬಂದದ್ದು 1996ರಲ್ಲಿ. ಕ್ಯಾನ್‌ಬೆರಾಗೆ ಅಂಟಿಕೊಂಡೇ ಇದೆ, ಆದರೆ ಗಡಿ ದಾಟಿದ ಮೇಲೆ ನ್ಯೂ ಸೌತ್ ವೇಲ್ಸ್. ಹೊರಗಿನವರಿಗೆ ಎರಡೂ ಒಂದೇ ಊರು. ಕ್ವೀನ್‌ಬಿಯನ್‌ನವರ ಮುಂದೆ ಹಾಗಂತ ಹೇಳಿ ನೋಡಿ! ರೇಡರ್ಸ್ 1982ರಲ್ಲಿ ದೊಡ್ಡ ಲೀಗ್‌ಗೆ ಬಂದಾಗ ಅವರ ಮೈದಾನ ಇದ್ದದ್ದು ಇಲ್ಲಿ, ಸೀಫರ್ಟ್ ಓವಲ್. ನೀವು ಹೋದ ಬ್ರೂಸ್ ಸ್ಟೇಡಿಯಂಗೆ ಅವರು ಹೋದದ್ದು 1990ರಲ್ಲಿ. ರಿಕಿ ಸ್ಟುವರ್ಟ್ ಇದೇ ಕ್ವೀನ್‌ಬಿಯನ್‌ನ ಹುಡುಗ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಮುಗಿಯಿತು. ಮನೆ ಮಗ ಪರೀಕ್ಷೆಯಲ್ಲಿ ಫೇಲಾದರೆ ಹೊರಗೆ ಹಾಕ್ತೀರಾ?

ಇನ್ನರ್ಧ ಹೇಳಬೇಕು ಅಂದರೆ ನನ್ನ ಪಕ್ಕದ ಮನೆಯವರಿಂದ ಶುರು ಮಾಡಬೇಕು. ಆಗಲೇ ಎಪ್ಪತ್ತು ದಾಟಿದ್ದರು, ಪೈಪ್ ಕೆಲಸ ಮಾಡಿ ನಿವೃತ್ತರಾದವರು. ನಾನು ಬಂದ ಮೊದಲ ಚಳಿಗಾಲದಲ್ಲಿ ಒಂದು ಸಂಜೆ ಕರೆದು, ಹೀಟರ್ ಮುಂದೆ ಕೂರಿಸಿ, ಒಂದು ವಿಎಚ್‌ಎಸ್ ಕ್ಯಾಸೆಟ್ ಹಾಕಿದರು. ಅದನ್ನು ಎಷ್ಟು ಸಲ ನೋಡಿದ್ದರೋ, ಚಿತ್ರದ ತುಂಬಾ ಗೆರೆ. 1990ರ ನವೆಂಬರ್, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್, ಆಸ್ಟ್ರೇಲಿಯಾ ಮತ್ತು ಗ್ರೇಟ್ ಬ್ರಿಟನ್ ನಡುವೆ ಎರಡನೇ ಟೆಸ್ಟ್.

ವೆಂಬ್ಲಿಯಲ್ಲಿ ನಡೆದ ಮೊದಲ ಟೆಸ್ಟನ್ನು ಬ್ರಿಟನ್ 19-12ಕ್ಕೆ ಗೆದ್ದಿತ್ತು. ಇದನ್ನೂ ಸೋತರೆ ಸರಣಿ ಹೋಯಿತು. ರಿಕಿಗೆ ಆಗ 23 ವಯಸ್ಸು, ಹಾಫ್‌ಬ್ಯಾಕ್. ಅಂದರೆ ಏಳನೇ ನಂಬರ್ ಜೆರ್ಸಿ. ಯಾರಿಗೆ ಚೆಂಡು ಕೊಡಬೇಕು, ಐದನೇ ಟ್ಯಾಕಲ್ ಆದಮೇಲೆ ಎಲ್ಲಿಗೆ ಒದೆಯಬೇಕು, ಎಲ್ಲಾ ಅವನ ತಲೆನೋವು. ರಿಕಿ ಹೆಸರು ಮಾಡಿದ್ದೇ ಉದ್ದ ಪಾಸ್‌ಗೆ. ಚೆಂಡು ತಿರುಗುತ್ತಾ ಅರ್ಧ ಮೈದಾನ ದಾಟುತ್ತಿತ್ತು. ಅವತ್ತು ಕೊನೆ ಹೊತ್ತಿನಲ್ಲಿ ಅಂಥದ್ದೇ ಒಂದು ಉದ್ದ ಪಾಸ್ ಹಾಕಿದರು. ಬ್ರಿಟನ್‌ನ ಪಾಲ್ ಲಾಕ್ಲಿನ್ ನಡುವೆ ನುಗ್ಗಿ ಹಿಡಿದು ಓಡಿ ಟ್ರೈ ಹೊಡೆದ. 10-10.

ಇಲ್ಲಿ ಪಕ್ಕದ ಮನೆಯವರು ಕ್ಯಾಸೆಟ್ ನಿಲ್ಲಿಸಿದರು. ಟಿವಿಯಲ್ಲಿ ರಿಕಿ ಮುಖ ನಡುಗುತ್ತಾ ನಿಂತಿತ್ತು. "ಈ ಮುಖ ನೆನಪಿಟ್ಟುಕೋ" ಅಂದರು.

ಆಮೇಲೆ ಒತ್ತಿದರು. ಇನ್ನೇನು ಸಮಯ ಮುಗಿಯಿತು ಅನ್ನುವಾಗ ಆಸ್ಟ್ರೇಲಿಯಾ ತನ್ನ ಕೊನೆಯಲ್ಲಿ ಸಿಕ್ಕಿಬಿದ್ದಿದೆ. ರಿಕಿ ಪಾಸ್ ಕೊಡುವ ಹಾಗೆ ಮಾಡಿ, ಕೊಡದೆ, ಸಂದಿಯಲ್ಲಿ ನುಗ್ಗಿ ಓಡಿದರು. ಓಡಿದರು, ಓಡಿದರು. ಅವರೇನು ಚಿರತೆ ವೇಗದವರಲ್ಲ. ಹಿಂದೆ ಬ್ರಿಟನ್‌ನವರು ಬರುತ್ತಿದ್ದಾರೆ. ಪಕ್ಕದಲ್ಲಿ ನಾಯಕ ಮಾಲ್ ಮೆನಿಂಗಾ, ಆನೆಯಂಥ ಆಳು, ಅಡ್ಡ ಬಂದವನನ್ನು ಭುಜದಲ್ಲಿ ಸರಿಸಿಕೊಂಡು ಜೊತೆಗೆ ಬಂದರು. ರಿಕಿ ಅವರಿಗೆ ಕೊಟ್ಟರು. ಟ್ರೈ. 14-10. ಮೂರನೇ ಟೆಸ್ಟನ್ನೂ ಆಸ್ಟ್ರೇಲಿಯಾ 14-0ಗೆ ಗೆದ್ದು ಸರಣಿ ಉಳಿಸಿಕೊಂಡಿತು.

ಟಿವಿಯವರು ಆ ಓಟವನ್ನು ಮಾತ್ರ ತೋರಿಸ್ತಾರೆ. ಪಕ್ಕದ ಮನೆಯವರು ತೋರಿಸಿದ್ದು ಅದರ ಹಿಂದಿನ ತಪ್ಪನ್ನು. ಮೂವತ್ತು ವರ್ಷ ಈ ಮನುಷ್ಯನನ್ನು ನೋಡಿದ ಮೇಲೆ ನನಗೆ ಅನ್ನಿಸೋದು ಇಷ್ಟು: ಆಟಗಾರನಾಗಿದ್ದಾಗ ತನ್ನ ತಪ್ಪನ್ನು ತಾನೇ ಓಡಿ ಸರಿ ಮಾಡಬಹುದಿತ್ತು. ಕೋಚ್ ಆದವರು ಮೇಲೆ ಗಾಜಿನ ಡಬ್ಬಿಯಲ್ಲಿ ಕೂರ್ತಾರೆ. ಅಲ್ಲಿಗೆ ಚೆಂಡು ಬರಲ್ಲ. ಪತ್ರಿಕಾಗೋಷ್ಠಿಯಲ್ಲಿ ಅವರು ಸಿಡಿಯೋದನ್ನು ನೋಡಿದಾಗೆಲ್ಲಾ ಇದೇ ನೆನಪಾಗುತ್ತೆ. ಓಡಬೇಕಾದ ಕಾಲು ಮೇಜಿನ ಕೆಳಗೆ ಸಿಕ್ಕಿಹಾಕಿಕೊಂಡಿದೆ, ಅದಕ್ಕೇ ಬಾಯಿ ಓಡುತ್ತೆ.

ಆಟಗಾರನಾಗಿ ದೊಡ್ಡವರಾ ಅಂತ ಕೇಳಿದಿರಿ. ಮೊದಲು ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಯೂನಿಯನ್ ಆಡ್ತಿದ್ದರು, 1987ರಲ್ಲಿ ಆಸ್ಟ್ರೇಲಿಯಾದ ಯೂನಿಯನ್ ತಂಡ ವಾಲಬೀಸ್ ಜೊತೆ ಅರ್ಜೆಂಟೀನಾ ಪ್ರವಾಸಕ್ಕೂ ಹೋಗಿದ್ದರು. 1988ರಲ್ಲಿ ರೇಡರ್ಸ್‌ಗೆ ಬಂದರು. 1989, 1990, 1994, ಮೂರು ಕಪ್. ರೇಡರ್ಸ್ ಇತಿಹಾಸದಲ್ಲಿ ಇರೋದೇ ಆ ಮೂರು, ಮೂರರಲ್ಲೂ ಹಾಫ್‌ಬ್ಯಾಕ್ ಇವರೇ. 1990ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಕಪ್ ನಿರ್ಧರಿಸುವ ಕೊನೇ ಪಂದ್ಯದಲ್ಲಿ, ಪಂದ್ಯಶ್ರೇಷ್ಠನ ಕ್ಲೈವ್ ಚರ್ಚಿಲ್ ಪದಕ. 1993ರಲ್ಲಿ ವರ್ಷದ ಆಟಗಾರನ ಡ್ಯಾಲಿ ಎಂ ಪ್ರಶಸ್ತಿ. ಆ 1993 ಒಂದು ಹುಣ್ಣು. ಫೈನಲ್ಸ್‌ಗೆ ಇನ್ನೇನು ಹೊರಡಬೇಕು ಅನ್ನುವಾಗ ಪ್ಯಾರಮಟ್ಟಾ ಎದುರು 68-0 ಗೆದ್ದ ಮ್ಯಾಚ್‌ನಲ್ಲಿ (ಪಾಪಿಯವರೇ, ಕ್ಷಮಿಸಿ) ರಿಕಿ ಕಾಲು ಮುರಿಯಿತು. ಅವರಿಲ್ಲದೆ ಫೈನಲ್ಸ್‌ನಲ್ಲಿ ಎರಡಕ್ಕೆ ಎರಡೂ ಸೋತರು. ಈ ವರ್ಷದ ಹಾಗೆಯೇ. ಹಳಬರಿಗೆ ಈ ಸೆಪ್ಟೆಂಬರ್‌ನಲ್ಲಿ ಮೊದಲು ನೆನಪಾದದ್ದು ಅದೇ.

ಕೊನೆಗೆ ಬುಲ್‌ಡಾಗ್ಸ್‌ನಲ್ಲಿ ಎರಡು ಸೀಸನ್ ಆಡಿ ನಿಲ್ಲಿಸಿದರು. ಅಲ್ಲೇ ಹುಡುಗರ ತಂಡಕ್ಕೆ ಕೋಚ್ ಆಗಿ 2001ರಲ್ಲಿ ಗೆಲ್ಲಿಸಿದರು. ಮರುವರ್ಷವೇ ಸಿಡ್ನಿ ರೂಸ್ಟರ್ಸ್ ಕೆಲಸ. ಮೊದಲ ವರ್ಷವೇ ಕಪ್, ಗ್ರ್ಯಾಂಡ್ ಫೈನಲ್‌ನಲ್ಲಿ ವಾರಿಯರ್ಸ್ ಎದುರು 30-8. ನನ್ನ ಪ್ರಕಾರ ಅದೇ ಕೆಟ್ಟದ್ದಾಯಿತು. ಮೊದಲ ತುತ್ತಿಗೇ ಹೋಳಿಗೆ ಸಿಕ್ಕವರಿಗೆ ಆಮೇಲೆ ಅನ್ನ ಸೇರಲ್ಲ. 2003 ಮತ್ತು 2004ರಲ್ಲೂ ಗ್ರ್ಯಾಂಡ್ ಫೈನಲ್ ತಲುಪಿದರು, ಎರಡೂ ಸೋತರು. 2005ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಸ್ಟೇಟ್ ಆಫ್ ಒರಿಜಿನ್, ಅಂದರೆ ಕ್ವೀನ್ಸ್‌ಲೆಂಡ್ ರಾಜ್ಯದ ಎದುರು ಪ್ರತಿ ವರ್ಷ ನಡೆಯುವ ಸರಣಿ, ಗೆದ್ದುಕೊಟ್ಟರು. ಮುಂದೆ ಆಸ್ಟ್ರೇಲಿಯಾ ಕೋಚ್. 2008ರ ವಿಶ್ವಕಪ್ ಫೈನಲ್ ಬ್ರಿಸ್ಬೇನ್‌ನಲ್ಲೇ ನಡೆದು ನ್ಯೂಜಿಲೆಂಡ್ 34-20ಕ್ಕೆ ಗೆದ್ದಾಗ ಅದೂ ಹೋಯಿತು. ಕ್ರೊನಲ್ಲಾ, ಪ್ಯಾರಮಟ್ಟಾ ಕಥೆ ಬೇಡ ಬಿಡಿ.

ನಮ್ಮ ಊರಿನ ಕಥೆ 2014ರಿಂದ. ಅದನ್ನು ಸರಿಯಾಗಿ ತಿಳ್ಕೊಳ್ಳಿ. ಸೋಮವಾರಕ್ಕೆ ಇದೇ ಮುಖ್ಯ.

ಕ್ಯಾನ್‌ಬೆರಾಗೆ ಯಾವ ದೊಡ್ಡ ಆಟಗಾರನೂ ಬರಲು ಒಪ್ಪಲ್ಲ. ಚಳಿ, ಸಮುದ್ರ ಇಲ್ಲ, ಸಿಡ್ನಿಯ ಗೆಳೆಯರು ಮೂರು ಗಂಟೆ ದೂರ. ಎಲ್ಲಾ ಕ್ಲಬ್‌ಗೂ ಸಂಬಳದ ಮಿತಿ ಒಂದೇ, ಅದಕ್ಕೇ ಸ್ಯಾಲರಿ ಕ್ಯಾಪ್ ಅಂತಾರೆ. ಹಾಗಾಗಿ ದುಡ್ಡು ಸುರಿದು ಕರೆತರೋಕೂ ಆಗಲ್ಲ. 2014ರಲ್ಲಿ ಜೇಮ್ಸ್ ಟೆಡೆಸ್ಕೊ ಅನ್ನುವ ಹುಡುಗ ಬರ್ತೀನಿ ಅಂತ ಸಹಿ ಹಾಕಿದ. ಊರೆಲ್ಲಾ ಸಂಭ್ರಮ. ಆಮೇಲೆ ಮನಸ್ಸು ಬದಲಾಯಿಸಿ ಸಿಡ್ನಿಯಲ್ಲೇ ಉಳಿದ. ನಿಯಮದಲ್ಲಿ ಅವಕಾಶ ಇತ್ತು, ತಪ್ಪಲ್ಲ. ಇನ್ನೂ ಕೆಲವರು ಹೀಗೇ ಕೈಕೊಟ್ಟರು.

ಆಗ ರಿಕಿ ಇಂಗ್ಲೆಂಡ್ ಕಡೆ ನೋಡಿದರು. ಜಾಶ್ ಹಾಡ್ಜ್‌ಸನ್, ಎಲಿಯಟ್ ವೈಟ್‌ಹೆಡ್, ಆಮೇಲೆ ಜಾನ್ ಬೇಟ್‌ಮನ್. ಉತ್ತರ ಇಂಗ್ಲೆಂಡಿನ ಹುಡುಗರು. ಕ್ಯಾನ್‌ಬೆರಾ ಚಳಿ ಅವರಿಗೆ ಚಳಿಯೇ ಅಲ್ಲ! ಹಾಡ್ಜ್‌ಸನ್ ಬಂದಾಗ ಇಲ್ಲಿ ಎಷ್ಟೋ ಜನ ಹೆಸರೇ ಕೇಳಿರಲಿಲ್ಲ. 2016ಕ್ಕೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಮೆಟ್ಟಿಲು ದೂರ, ಮೆಲ್ಬರ್ನ್ ಎದುರು 14-12ಕ್ಕೆ ಸೋಲು. ಆ ವರ್ಷವೇ ವೈಕಿಂಗ್ ಚಪ್ಪಾಳೆ ಶುರುವಾದದ್ದು. ಐಸ್‌ಲೆಂಡ್ ಫುಟ್‌ಬಾಲ್‌ನವರಿಂದ ತಂದದ್ದು. ಕೊಂಬು ಊದಿದ ಮೇಲೆ ಕೈ ಮೇಲೆತ್ತಿ ನಿಧಾನಕ್ಕೆ ತಟ್ಟೋದು, ನೀವೂ ತಟ್ಟಿರ್ತೀರಿ.

2019ಕ್ಕೆ ಗ್ರ್ಯಾಂಡ್ ಫೈನಲ್ ಬಂತು. 25 ವರ್ಷ ಆದಮೇಲೆ. ಎದುರಾಳಿ ರೂಸ್ಟರ್ಸ್, ರಿಕಿಯದೇ ಹಳೇ ಕ್ಲಬ್. ನಾನು ಎರಡು ದಿನ ರಜೆ ಹಾಕಿ ಸಿಡ್ನಿಗೆ ಹೋಗಿದ್ದೆ. ಪಕ್ಕದ ಮನೆಯವರು ಆಗ ಇರಲಿಲ್ಲ, ತೀರಿಕೊಂಡು ಆರು ವರ್ಷವಾಗಿತ್ತು. ಅವರ ಹಸಿರು ಮಫ್ಲರ್ ಅವರ ಮಗಳು ನನಗೆ ಕೊಟ್ಟಿದ್ದರು, ಅದನ್ನೇ ಸುತ್ತಿಕೊಂಡಿದ್ದೆ.

8-8 ಸಮ, ಎಂಟೊಂಬತ್ತು ನಿಮಿಷ ಬಾಕಿ. ನಮ್ಮವರು ಅವರ ಗೆರೆ ಹತ್ತಿರ. ಒದ್ದ ಚೆಂಡು ಗಾಳಿಯಲ್ಲಿ ಯಾರ ಕೈಗೋ ತಗುಲಿ ನಮ್ಮವರಿಗೇ ಸಿಕ್ಕಿತು. ರೆಫರಿ ಕೈಯೆತ್ತಿ ತಿರುಗಿಸಿದರು. ಅಂದರೆ ಮತ್ತೆ ಆರು ಟ್ಯಾಕಲ್ ನಿಮಗೆ ಅಂತ. ತಕ್ಷಣ ಇಲ್ಲ ಇಲ್ಲ, ಇದೇ ಕೊನೆಯದು ಅಂದರು. ಎಂಬತ್ತು ಸಾವಿರ ದಾಟಿದ ಜನರ ಗಲಾಟೆಯಲ್ಲಿ ಕೂಗಿದ್ದು ಯಾರಿಗೆ ಕೇಳುತ್ತೆ? ಕೈ ಎತ್ತಿದ್ದನ್ನು ನೋಡಿದ ಜ್ಯಾಕ್ ವೈಟನ್ ಒದೆಯದೆ, ಹೇಗೂ ಇನ್ನೂ ಟ್ಯಾಕಲ್ ಇದೆ ಅಂತ ಆರಾಮಾಗಿ ಕೆಡವಿಸಿಕೊಂಡ. ಚೆಂಡು ರೂಸ್ಟರ್ಸ್‌ಗೆ. ಸ್ವಲ್ಪ ಹೊತ್ತಿನಲ್ಲೇ ಆ ಕಡೆ ಟ್ರೈ. 14-8.

ಆ ಟ್ರೈ ಹೊಡೆದದ್ದು ಯಾರು ಗೊತ್ತಾ? ಜೇಮ್ಸ್ ಟೆಡೆಸ್ಕೊ.

ಇದನ್ನೆಲ್ಲಾ ನೋಡಿದ ಊರಿಗೆ ಕಪ್ ಲೆಕ್ಕ ಹೇಳಿದರೆ ಕಿವಿಗೆ ಹೋಗಲ್ಲ ಸಾರ್.

ಲೆಕ್ಕದವಳು:

ಟ್ಯಾಕ್ಸಿಯವರು ಬರೆದದ್ದು ಓದಿ ನನಗೂ ಗಂಟಲು ಕಟ್ಟಿತು. ಆದರೆ ಯಾರಾದರೂ ತಣ್ಣಗೆ ಮಾತಾಡಬೇಕಲ್ವಾ.

2019ರಲ್ಲಿ ರೆಫರಿ ಕೈ ಎತ್ತಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಎರಡನೇ ಅರ್ಧದಲ್ಲಿ ರೂಸ್ಟರ್ಸ್‌ನ ಕೂಪರ್ ಕ್ರಾಂಕ್ ಹತ್ತು ನಿಮಿಷ ಸಿನ್ ಬಿನ್‌ನಲ್ಲಿ, ಅಂದರೆ ತಪ್ಪಿಗೆ ಶಿಕ್ಷೆಯಾಗಿ ಮೈದಾನದ ಹೊರಗೆ, ಕೂತಿದ್ದರು. ಹದಿಮೂರು ಜನರ ಎದುರು ಹನ್ನೆರಡು ಜನ. ಆ ಹತ್ತು ನಿಮಿಷದಲ್ಲಿ ರೇಡರ್ಸ್‌ಗೆ ಒಂದು ಟ್ರೈ ಹೊಡೆಯೋಕಾಗಲಿಲ್ಲ. ಅದನ್ನು ಯಾಕೆ ಯಾರೂ ಹೇಳಲ್ಲ? ಈ ವರ್ಷ 28-12ರಿಂದ ಸೋತದ್ದಕ್ಕೂ ರೆಫರಿ ಕಾರಣ ಅಂದರೆ ನಾನು ಒಪ್ಪಲ್ಲ. ಮುಂದಿರುವಾಗ ಆಟ ನಿಧಾನ ಮಾಡಿ ಮುಗಿಸೋದೂ ಕಲಿಸಬೇಕಾದ ವಿಷಯವೇ.

ಇನ್ನು ಆ ಬಾಯಿ. 2022ರಲ್ಲಿ ಪೆನ್ರಿತ್ ಎದುರಿನ ಪಂದ್ಯ ಆದಮೇಲೆ ಎದುರು ತಂಡದ ಯುವ ಆಟಗಾರನೊಬ್ಬನನ್ನು ಮೈಕ್ ಮುಂದೆ ಹೀನಾಯವಾಗಿ ಬೈದರು. 25,000 ಡಾಲರ್ ದಂಡ, ಒಂದು ವಾರ ನಿಷೇಧ. ಹಳೇ ಮನಸ್ತಾಪ ಏನೇ ಇರಲಿ, ಮಗನ ವಯಸ್ಸಿನ ಹುಡುಗ ಅವನು. ಕ್ಷಮೆ ಕೇಳಿದರು, ಸರಿ. ಆದರೆ ಅದನ್ನು "ಪಾಪ, ಮೇಜಿನ ಕೆಳಗೆ ಕಾಲು" ಅಂತ ಸಿಹಿ ಮಾಡಬೇಡಿ.

ಹೊಸಬರ ಪ್ರಶ್ನೆಯಲ್ಲಿ ಒಂದು ಒಳ್ಳೇ ಎಳೆ ಇದೆ, ಅದನ್ನು ಯಾರೂ ಹಿಡಿಯಲಿಲ್ಲ. ದೊಡ್ಡ ಆಟಗಾರ ದೊಡ್ಡ ಕೋಚ್ ಆಗ್ತಾನಾ? ಅದೇ ಕಾಲದ ರೇಡರ್ಸ್‌ನಲ್ಲಿ ಕ್ರೇಗ್ ಬೆಲ್ಲಮಿ ಅಂತ ಒಬ್ಬರಿದ್ದರು. ಆಟಗಾರನಾಗಿ ಯಾರೂ ಪೋಸ್ಟರ್ ಅಂಟಿಸಿಕೊಳ್ಳುವಂಥವರಲ್ಲ, ಬೆಂಚ್‌ನಿಂದ ಎದ್ದು ಬಂದು ಹೇಳಿದ ಕಡೆ ಆಡಿ ಹೋಗುವವರು. ಆಮೇಲೆ ಬ್ರಿಸ್ಬೇನ್‌ನಲ್ಲಿ ವೇಯ್ನ್ ಬೆನೆಟ್ ಕೈಕೆಳಗೆ ಸಹಾಯಕ. 2003ರಿಂದ ಮೆಲ್ಬರ್ನ್ ಕೋಚ್, ಇವತ್ತಿಗೂ. 2012, 2017, 2020ರ ಕಪ್‌ಗಳು. 2007 ಮತ್ತು 2009ರಲ್ಲೂ ಗೆದ್ದಿದ್ದರು, ಕ್ಲಬ್ ಸಂಬಳದ ಮಿತಿ ಮೀರಿದ್ದಕ್ಕೆ ಅವೆರಡನ್ನೂ ವಾಪಸ್ ಕಿತ್ತುಕೊಂಡರು.

ಬೆಲ್ಲಮಿಗೆ ಆಟ ಸುಲಭಕ್ಕೆ ಬಂದಿರಲಿಲ್ಲ. ಅದಕ್ಕೇ ಸುಲಭಕ್ಕೆ ಬರದವರಿಗೆ ಕಲಿಸೋದು ಗೊತ್ತು. ಬೇರೆ ಕ್ಲಬ್ ಬೇಡ ಅಂದವರನ್ನು ಕರೆತಂದು ಒಂದೇ ಒಂದು ಕೆಲಸ ಹೇಳಿಕೊಡ್ತಾರೆ, ನೂರು ಸಲ ಮಾಡಿಸ್ತಾರೆ. ಸ್ಟುವರ್ಟ್‌ಗೆ ಆ 60 ಮೀಟರ್ ಪಾಸ್ ಹೇಗೆ ಬಂತು ಅಂತ ಕೇಳಿದರೆ ಹೇಳೋಕೆ ಬರುತ್ತಾ? ಬಂದಿದ್ದರೆ ಇಷ್ಟು ವರ್ಷದಲ್ಲಿ ಕ್ಯಾನ್‌ಬೆರಾಗೆ ಇನ್ನೊಬ್ಬ ರಿಕಿ ಸಿಗಬೇಕಿತ್ತು. ಹಾಫ್‌ಬ್ಯಾಕ್ ಜಾಗ ಒಂದೇ ಇವತ್ತಿಗೂ ಅವರ ತಂಡದ ಕೊರತೆ.

(60 ಮೀಟರ್ ಅಂದದ್ದು ಕೋಪಕ್ಕೆ. ಅಷ್ಟಿಲ್ಲ.)

ಬೆಲ್ಕೊನೆನ್_ಹೊಸಬ:

ಅಬ್ಬಾ. ಸೋಮವಾರಕ್ಕಲ್ಲ, ಇಡೀ ಬೇಸಿಗೆಗೆ ಆಗುವಷ್ಟು ಸಿಕ್ಕಿತು. ಟೆಡೆಸ್ಕೊ ಕಥೆ ಕೇಳಿ ನನ್ನ ಹೆಂಡತಿ "ಇದು ಧಾರಾವಾಹಿ" ಅಂದಳು.

ಒಂದು ಸಂಶಯ. ಈ ವರ್ಷ ಕಪ್ ಗೆದ್ದ ಬ್ರಿಸ್ಬೇನ್ ಕೋಚ್ ಮೈಕಲ್ ಮಗ್ವಾಯರ್ ಕೂಡ ಹಳೇ ರೇಡರ್ಸ್ ಆಟಗಾರ ಅಂತ ಆಫೀಸಿನಲ್ಲಿ ಯಾರೋ ಅಂದರು. ಅವರು ಗ್ರ್ಯಾಂಡ್ ಫೈನಲ್‌ನಲ್ಲಿ ಸೋಲಿಸಿದ್ದು ಬೆಲ್ಲಮಿಯ ಮೆಲ್ಬರ್ನನ್ನು. ಹಾಗಾದರೆ ಎಲ್ಲಾ ಕೋಚ್‌ಗಳೂ ಇಲ್ಲಿಂದಲೇ ಹೋಗಿದ್ದಾರಾ? ನೀರಿನಲ್ಲಿ ಏನಾದರೂ ಇದೆಯಾ?

ಕ್ವೀನ್‌ಬಿಯನ್_ಟ್ಯಾಕ್ಸಿ:

ಇದೆ ಅಂತಲೇ ನಾವು ಹೇಳೋದು. ಹಾಲಿನಲ್ಲಿ. ಜೆರ್ಸಿ ಮೇಲೆ ಕ್ಯಾನ್‌ಬೆರಾ ಮಿಲ್ಕ್ ಅಂತ ಸುಮ್ನೆ ಬರೆದಿಲ್ಲ.

ಮಗ್ವಾಯರ್ ಇಲ್ಲಿ ಆಡಿದ್ದು ಸ್ವಲ್ಪವೇ. ಆದರೆ ಮೆಲ್ಬರ್ನ್‌ನಲ್ಲಿ ಬೆಲ್ಲಮಿ ಕೈಕೆಳಗೆ ಕೋಚಿಂಗ್ ಕಲಿತವರು. 2023ರಲ್ಲಿ ಇಲ್ಲಿ ರಿಕಿಗೆ ಸಹಾಯಕರಾಗಿದ್ದರು. ಆಗ ಅವರಿಗೆ ಕ್ಲಬ್ ಕೆಲಸ ಹೋಗಿತ್ತು, ಮನೆಗೆ ಕರೆದದ್ದು ರಿಕಿ. ಎರಡು ವರ್ಷ ಆದಮೇಲೆ ಅದೇ ಮನುಷ್ಯ ಬಂದು ನಮ್ಮ ಮೈದಾನದಲ್ಲೇ ಒಂದು ಅಂಕದಿಂದ ರಿಕಿಯನ್ನು ಸೋಲಿಸಿ, ಕೊನೆಗೆ ಬೆಲ್ಲಮಿಯನ್ನೂ 26-22ಕ್ಕೆ ಸೋಲಿಸಿ ಕಪ್ ಎತ್ತಿದರು. ಇಬ್ಬರು ಗುರುಗಳಿಗೂ ಒಂದೇ ತಿಂಗಳಲ್ಲಿ ಗುರುದಕ್ಷಿಣೆ!

ಉಳಿದವರು: ಮೆನಿಂಗಾ ರೇಡರ್ಸ್ ಕೋಚ್ ಆಗಿ 1997ರಿಂದ 2001ರ ತನಕ ಇದ್ದು ಏನೂ ಗೆಲ್ಲಲಿಲ್ಲ. ಆಮೇಲೆ ಕ್ವೀನ್ಸ್‌ಲೆಂಡ್‌ಗೆ ಹೋಗಿ ಹತ್ತು ಒರಿಜಿನ್ ಸರಣಿಯಲ್ಲಿ ಒಂಬತ್ತು ಗೆದ್ದರು. ಅದರಲ್ಲಿ ಸತತ ಎಂಟು ವರ್ಷ ಗೆದ್ದ ಓಟವನ್ನು 2014ರಲ್ಲಿ ನಿಲ್ಲಿಸಿದ ನ್ಯೂ ಸೌತ್ ವೇಲ್ಸ್ ಕೋಚ್ ಲಾರಿ ಡೇಲಿ. ರಿಕಿ ಪಕ್ಕದಲ್ಲಿ ಆರನೇ ನಂಬರ್ ಜೆರ್ಸಿ ಹಾಕಿ ಆಡಿದವರು. ಒಂದೇ ಡ್ರೆಸ್ಸಿಂಗ್ ರೂಮ್ ನೋಡಿ. ಅವರೆಲ್ಲರ ಕೋಚ್ ಟಿಮ್ ಶೀನ್ಸ್. ಆಟಗಾರರನ್ನೇ ಯೋಚನೆ ಮಾಡಲು ಬಿಡುತ್ತಿದ್ದರು ಅಂತ ಹಳಬರು ಹೇಳ್ತಾರೆ. ನಾನು ಒಳಗೆ ಇರಲಿಲ್ಲ. ಟ್ಯಾಕ್ಸಿ ಹಿಂದಿನ ಸೀಟಿನ ಮಾತು ಇದು, ಅಷ್ಟು ಮಾತ್ರ ನಂಬಿ.

ಲೆಕ್ಕದವಳು ಮೇಡಂ, 2022ರದ್ದು ನೀವು ಹೇಳಿದ್ದೇ ಸರಿ. ಆ ವಾರ ನಾನೂ ಮಫ್ಲರ್ ಹಾಕಿಕೊಳ್ಳಲಿಲ್ಲ. ಹಾಫ್‌ಬ್ಯಾಕ್ ವಿಷಯವೂ ಸರಿ. ಆದರೆ ಈ ವರ್ಷದ ಈಥನ್ ಸ್ಟ್ರೇಂಜ್, ಕೇಯೊ ವೀಕ್ಸ್ ಇವರನ್ನು ನೋಡಿ. ಇಂಥ ಹುಡುಗರನ್ನೇ ಸೇರಿಸಿಕೊಂಡು 1990ರ ನಂತರ ಮೊದಲ ಸಲ ಲೀಗ್‌ನಲ್ಲಿ ಮೊದಲ ಸ್ಥಾನ ತಂದರಲ್ಲ. ಅದೂ ಕಲಿಸಿದ್ದೇ ಅಲ್ವಾ?

ಇನ್ನೊಂದು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ರಿಕಿಯ ಮಗಳಿಗೆ ಆಟಿಸಂ. 2011ರಲ್ಲಿ ತಮ್ಮ ಹೆಸರಿನಲ್ಲೇ ಒಂದು ಫೌಂಡೇಶನ್ ಶುರು ಮಾಡಿದರು. ಚಿಫ್ಲಿಯಲ್ಲಿ ಒಂದು ಮನೆ ಇದೆ. ವಿಶೇಷ ಮಕ್ಕಳು ಅಲ್ಲಿ ಒಂದೆರಡು ರಾತ್ರಿ ಇರಬಹುದು, ಅಪ್ಪ ಅಮ್ಮನಿಗೆ ಅಷ್ಟು ಹೊತ್ತು ನಿದ್ದೆ. ಒಂದು ಸಲ ಆ ಬೀದಿಯಿಂದ ಒಬ್ಬ ತಾಯಿಯನ್ನು ಹತ್ತಿಸಿಕೊಂಡೆ. ಮಗನನ್ನು ಬಿಟ್ಟು ಬರ್ತಿದ್ದರು. ಹಿಂದಿನ ಸೀಟಿನಲ್ಲಿ ಎರಡು ಸಿಗ್ನಲ್ ದಾಟುವುದರೊಳಗೆ ಮಲಗಿಬಿಟ್ಟರು. ಮನೆ ಮುಂದೆ ಮೀಟರ್ ನಿಲ್ಲಿಸಿ ಹತ್ತು ನಿಮಿಷ ಎಬ್ಬಿಸದೆ ಕೂತಿದ್ದೆ.

ಪ್ಯಾರಮಟ್ಟಾ_ಪಾಪಿ:

ಅದು ಗೊತ್ತು. ಆ ಫೌಂಡೇಶನ್‌ಗೆ ನಾನೂ ಒಂದು ಸಲ ಕೊಟ್ಟಿದ್ದೇನೆ. ಚಮಚ ಮಾತ್ರ ಮರೆಯಲ್ಲ.

ಬೆಲ್ಕೊನೆನ್_ಹೊಸಬ:

ಮುಂದಿನ ವರ್ಷಕ್ಕೆ ಮೆಂಬರ್‌ಶಿಪ್ ತೆಗೆದುಕೊಳ್ಳೋಣ ಅಂತ ಇದ್ದೇವೆ, ಇಬ್ಬರೂ. ಯಾವ ಕಡೆ ಕೂತರೆ ಒಳ್ಳೇದು?

ಕ್ವೀನ್‌ಬಿಯನ್_ಟ್ಯಾಕ್ಸಿ:

ಮೆನಿಂಗಾ ಸ್ಟ್ಯಾಂಡ್ ಪಶ್ಚಿಮಕ್ಕಿದೆ, ಮಧ್ಯಾಹ್ನದ ಮ್ಯಾಚ್‌ಗೆ ಬಿಸಿಲು ಕಣ್ಣಿಗೆ ಹೊಡೆಯಲ್ಲ. ಆದರೆ ಜುಲೈನಲ್ಲಿ ನೆರಳು ಅಂದರೆ ಐಸ್ ಪೆಟ್ಟಿಗೆ. ಎದುರಿನ ಪೂರ್ವದ ಕಡೆ ಕೂತರೆ ಅರ್ಧ ಆಟದ ತನಕ ಬಿಸಿಲು ಕಾಯಿಸಿಕೊಳ್ಳಬಹುದು. ರಾತ್ರಿ ಮ್ಯಾಚ್ ಆದರೆ ಎಲ್ಲಿ ಕೂತರೂ ಒಂದೇ, ಎರಡು ಜೊತೆ ಕಾಲುಚೀಲ ಹಾಕಿ. ಮೊದಲ ಮ್ಯಾಚ್ ದಿನ ಲಾರಿ ಡೇಲಿ ಪ್ರತಿಮೆ ಹತ್ತಿರ ಬನ್ನಿ, ಮಾಸಿದ ಹಸಿರು ಮಫ್ಲರ್ ಹಾಕಿರ್ತೀನಿ. ಆ ಕ್ಯಾಸೆಟ್ಟೂ ನನ್ನ ಹತ್ತಿರವೇ ಇದೆ. ವಿಎಚ್‌ಎಸ್ ಪ್ಲೇಯರ್ ಯಾರ ಮನೇಲಾದರೂ ಇದ್ದರೆ ಹೇಳಿ.